ನಮ್ಮ ಬೆಳೆ ಪಟ್ಟಿಯಲ್ಲೇ ಇಲ್ಲ

ನಮ್ಮ ಮನೆಮಾತು ಕನ್ನಡ, ಸಂತೆಮಾತು ತಮಿಳು. ಓಟು ಕೇಳೋಕೆ ಬಂದವರ ಮಾತು ನಮಗೆ ಚೆನ್ನಾಗಿಯೇ ತಿಳಿಯುತ್ತದೆ. ತಿಳಿಯದಿರೋದು ಒಂದೇ: ನಮ್ಮ ಬೆಳೆಯ ವಿಷಯದಲ್ಲಿ ಅವರ ನಿಲುವೇನು?

2024ರ ಲೋಕಸಭಾ ಚುನಾವಣೆ ನೆನೆಸಿಕೊಳ್ಳಿ. ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೊಡ್ತೀವಿ ಅಂದಿತು ಕಾಂಗ್ರೆಸ್. ಕಾಲಕಾಲಕ್ಕೆ ಏರಿಸ್ತೀವಿ ಅಂದಿತು ಬಿಜೆಪಿ. ತೇನಿಯಲ್ಲಿ ಮೊದಲನೇ ಕೂಟದಿಂದ ಡಿಎಂಕೆಯ ತಂಗ ತಮಿಳ್‌ಸೆಲ್ವನ್, ಎರಡನೇ ಕೂಟದಿಂದ ಟಿ.ಟಿ.ವಿ. ದಿನಕರನ್, ಎರಡರ ಹೊರಗೆ ಅಣ್ಣಾ ಡಿಎಂಕೆಯ ವಿ.ಟಿ. ನಾರಾಯಣಸಾಮಿ ನಿಂತರು. ನಾವೂ ಚಪ್ಪಾಳೆ ತಟ್ಟಿದೆವು.

ಆದರೆ ಕೇಂದ್ರ ಸರಕಾರ ಬೆಂಬಲ ಬೆಲೆ ಸಾರೋದು 22 ಬೆಳೆಗಳಿಗೆ. ಅದರಲ್ಲಿ ಭತ್ತ ಇದೆ, ಹತ್ತಿ ಇದೆ, ಕೊಬ್ಬರಿ ಇದೆ. ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಇಲ್ಲ, ಬಾಳೆ ಇಲ್ಲ, ಬೋಡಿಯಲ್ಲಿ ಹರಾಜಾಗುವ ಏಲಕ್ಕಿ ಇಲ್ಲ, ದಿಂಡಿಗಲ್ ಜಿಲ್ಲೆಯ ತಾಂಡಿಕುಡಿ ಬೆಟ್ಟದ ಕಾಫಿ, ಮೆಣಸೂ ಇಲ್ಲ. ಯಾರದೋ ಮದುವೆಯ ಓಲಗಕ್ಕೆ ನಾವು ಕುಣಿದ ಹಾಗಾಯ್ತು.

ಮೆಣಸು, ಕಾಫಿಯ ಬೆಲೆಯನ್ನು ಅಲುಗಾಡಿಸೋದು ಆಮದು ಸುಂಕ. 2009ರಲ್ಲಿ ಆಸಿಯಾನ್ ದೇಶಗಳ ಜೊತೆ ಒಪ್ಪಂದ ಆಯ್ತು. ಹತ್ತು ವರ್ಷದಲ್ಲಿ ಮೆಣಸಿನ ಸುಂಕ ಶೇ. 70ರಿಂದ 50ಕ್ಕೆ, ಕಾಫಿಯದು 100ರಿಂದ 45ಕ್ಕೆ ಮೆಟ್ಟಿಲಿಳಿಯಬೇಕೆಂದು ಬರೆದುಕೊಂಡರು. ಸಹಿ ಹಾಕಿದ ಕಾಂಗ್ರೆಸ್ ಸರಕಾರದಲ್ಲಿ ಡಿಎಂಕೆ ಮಂತ್ರಿಗಳಿದ್ದರು. ಅದೇ ಒಪ್ಪಂದದ ವಿರುದ್ಧ ಕೇರಳದಲ್ಲಿ ಮಾರ್ಕ್ಸ್‌ವಾದಿ ಪಕ್ಷ ಮಾನವ ಸರಪಳಿ ಕಟ್ಟಿತು. 2024ರಲ್ಲಿ ನೋಡಿದರೆ ತೇನಿಯಲ್ಲಿ ಡಿಎಂಕೆ, ದಿಂಡಿಗಲ್‌ನಲ್ಲಿ ಮಾರ್ಕ್ಸ್‌ವಾದಿಗಳ ಸಚ್ಚಿದಾನಂದಂ, ಇಬ್ಬರದೂ ಒಂದೇ ಕೂಟ, ಇಬ್ಬರೂ ಗೆದ್ದರು. ಒಪ್ಪಂದ ಒಳ್ಳೇದೋ ಕೆಟ್ಟದ್ದೋ, ನಿಮ್ಮಿಬ್ಬರ ಒಮ್ಮತ ಯಾವುದು ಅಂತ ನಾನು ಕೇಳಲಿಲ್ಲ. ತಪ್ಪು ನನ್ನದೂ ಹೌದು.

ಬಿಜೆಪಿಯ ಲೆಕ್ಕವನ್ನೂ ಹೇಳಬೇಕು. 2017ರ ಡಿಸೆಂಬರಿನಲ್ಲಿ ಅವರ ಸರಕಾರ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಒಳ್ಳೇದೇ. ಆದರೆ ಒಪ್ಪಂದವನ್ನು ಕೈಬಿಡಲಿಲ್ಲ.

ಇನ್ನು ದ್ರಾಕ್ಷಿ. 2023ರಲ್ಲಿ ನಮ್ಮ ಪನ್ನೀರ್ ದ್ರಾಕ್ಷಿಗೆ ಜಿಐ ಗುರುತು ಸಿಕ್ಕಿತು. ಸಂತೋಷ. ಗುರುತಿನ ಚೀಟಿ ಹಣ್ಣನ್ನು ಕೆಡದ ಹಾಗೆ ಕಾಯುತ್ತದೆಯೇ? ಕಾಯೋದು ಶೀತಲಗೃಹ.

ಮೇಷ್ಟ್ರೇ, ಮಕ್ಕಳಿಗೆ ಪ್ರಶ್ನೆಪತ್ರಿಕೆ ಬರೆಯೋರು ನೀವು. ಅಭ್ಯರ್ಥಿಗಳಿಗೂ ಒಂದು ಬರೆದು ಈ ವಾಚನಾಲಯದ ಗೋಡೆಗೆ ಅಂಟಿಸಿ. ಮೂರೇ ಪ್ರಶ್ನೆ ಸಾಕು: ನಮ್ಮ ಬೆಳೆಗೆ ಯಾವ ಬೆಲೆ ಖಾತರಿ? ಆಮದು ಸುಂಕ ಎಷ್ಟಿರಬೇಕು? ಶೀತಲಗೃಹ ಯಾವ ಊರಲ್ಲಿ, ಯಾವ ವರ್ಷ? ಉತ್ತರವನ್ನು ಅವರ ಹೆಸರಿನ ಮುಂದೆಯೇ ಬರೆಯೋಣ. ಉತ್ತರ ಬಾರದಿದ್ದರೆ ಆ ಜಾಗ ಖಾಲಿ ಬಿಡೋಣ. ಐದು ವರ್ಷ ಊರೆಲ್ಲಾ ಓದಲಿ.