ಲಕ್ಷಗಟ್ಟಲೆ ಬೆಲೆಯ ರೋಲೆಕ್ಸ್, ಇನ್ನೂರು ರೂಪಾಯಿಯ ವಾಚು: ಸರಿಯಾದ ಸಮಯ ತೋರಿಸುವುದು ಯಾವುದು?

“ರೋಲೆಕ್ಸ್ ಜಗತ್ತಿನಲ್ಲೇ ಅತ್ಯಂತ ನಿಖರವಾದ ವಾಚು. ಒಂದು ವಾಚು ಮಾಡಲು ಒಂದು ವರ್ಷ ಹಿಡಿಯುತ್ತದೆ. ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ವಾಚು ಇದು. ಎವರೆಸ್ಟ್ ಏರಿದ ಮೊದಲ ವಾಚೂ ಇದೇ. ಈ ಕಂಪನಿಗೆ ಮಾಲೀಕನೇ ಇಲ್ಲ, ಬಂದ ಲಾಭವೆಲ್ಲ ಬಡವರಿಗೆ!”

ಇಂಥದ್ದೊಂದು ಸಂದೇಶ ಚಿನ್ನದ ಬಣ್ಣದ ವಾಚಿನ ಫೋಟೊ ಜೊತೆ ನಿಮ್ಮ ಫೋನಿಗೂ ಬಂದಿರಬಹುದು. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪ್ರತಿ ವಾಕ್ಯದಲ್ಲೂ ಅರ್ಧ ನಿಜವಿದೆ. ಉಳಿದರ್ಧವನ್ನು ಸೇರಿಸಿಕೊಂಡು ನೋಡಿದರೆ ಕಥೆ ಇನ್ನಷ್ಟು ಸ್ವಾರಸ್ಯವಾಗಿದೆ. ಅಷ್ಟೇ ಅಲ್ಲ, ನಕಲಿ ವಾಚಿಗೆ ದುಡ್ಡು ಕಳೆದುಕೊಳ್ಳುವುದರಿಂದಲೂ ಅದು ನಿಮ್ಮನ್ನು ಕಾಪಾಡಬಹುದು.

ಸ್ವಿಸ್ ವಾಚು ಹುಟ್ಟಿದ್ದು ಲಂಡನ್ನಿನಲ್ಲಿ

ರೋಲೆಕ್ಸ್ ಅಂದ ಕೂಡಲೇ ಸ್ವಿಟ್ಜರ್ಲೆಂಡ್ ನೆನಪಾಗುತ್ತದೆ. ಆದರೆ ಕಂಪನಿ ಶುರುವಾದದ್ದು 1905ರಲ್ಲಿ, ಲಂಡನ್ನಿನಲ್ಲಿ. ಅದನ್ನು ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್ ಸ್ವಿಸ್ ಪ್ರಜೆಯೂ ಅಲ್ಲ, ಇಂಗ್ಲಿಷಿನವರೂ ಅಲ್ಲ. 1881ರಲ್ಲಿ ಜರ್ಮನಿಯ ಬವೇರಿಯಾದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡವರು. 1900ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಲಾ ಶೋ-ದ-ಫೋನ್‌ನಲ್ಲಿ ವಾಚು ರಫ್ತು ಮಾಡುವ ಕಂಪನಿಯಲ್ಲಿ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ವ್ಯಾಪಾರದ ಒಳಗುಟ್ಟು ಕಲಿತದ್ದು ಅಲ್ಲಿ.

ಲಂಡನ್ನಿಗೆ ಬಂದ ಮೇಲೆ ಆಲ್‌ಫ್ರೆಡ್ ಡೇವಿಸ್ ಜೊತೆ ಸೇರಿ ‘ವಿಲ್ಸ್‌ಡಾರ್ಫ್ ಅಂಡ್ ಡೇವಿಸ್’ ಶುರು ಮಾಡಿದರು. ವಾಚಿನ ಒಳಗಿನ ಯಂತ್ರ ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಏಗ್ಲರ್ ಎಂಬ ಕಾರ್ಖಾನೆಯಿಂದ ಬರುತ್ತಿತ್ತು. ಹೊರಗಿನ ಕವಚ ಬೇರೆ ಕಡೆಯಿಂದ. ಎರಡನ್ನೂ ಸೇರಿಸಿ ಅಂಗಡಿಗಳಿಗೆ ಮಾರುವುದು ಇವರ ಕೆಲಸ. ಆ ಏಗ್ಲರ್ ಕಾರ್ಖಾನೆಯನ್ನು ರೋಲೆಕ್ಸ್ ಪೂರ್ತಿಯಾಗಿ ಕೊಂಡುಕೊಂಡದ್ದು 2004ರಲ್ಲಿ.

‘ರೋಲೆಕ್ಸ್’ ಎಂಬ ಹೆಸರು ನೋಂದಣಿಯಾದದ್ದು 1908ರಲ್ಲಿ. ಅದು ಯಾವುದೋ ಫ್ರೆಂಚ್ ಪದಗುಚ್ಛದ ಸಂಕ್ಷೇಪ ಎಂದು ಕೆಲವರು ಹೇಳುತ್ತಾರೆ. ವಿಲ್ಸ್‌ಡಾರ್ಫ್ ಹೇಳಿದ್ದು ಬೇರೆ. ಲಂಡನ್ನಿನ ಕುದುರೆ ಬಸ್ಸಿನ ಮಹಡಿಯಲ್ಲಿ ಕುಳಿತು ಹೋಗುವಾಗ ಯಾರೋ ಕಿವಿಯಲ್ಲಿ ಪಿಸುಗುಟ್ಟಿದಂತೆ ಆ ಹೆಸರು ಹೊಳೆಯಿತಂತೆ. ಅವರಿಗೆ ಬೇಕಿದ್ದದ್ದು ಚಿಕ್ಕದಾದ, ಡಯಲ್ ಮೇಲೆ ಹಿಡಿಸುವ, ಯಾವ ಭಾಷೆಯವರ ಬಾಯಲ್ಲೂ ಸಲೀಸಾಗಿ ಹೊರಳುವ ಹೆಸರು. ಅರ್ಥ ಇರಲೇಬೇಕು ಎಂದೇನೂ ಇರಲಿಲ್ಲ.

ಮೊದಲ ಮಹಾಯುದ್ಧ ಬಂತು. 1915ರಲ್ಲಿ ಬ್ರಿಟನ್ ಆಮದು ವಾಚುಗಳ ಮೇಲೆ ಶೇ 33ರಷ್ಟು ಸುಂಕ ಹಾಕಿತು. ಯಂತ್ರವನ್ನು ಹೊರಗಿನಿಂದ ತರಿಸುವ ಕಂಪನಿಗೆ ಇದು ದೊಡ್ಡ ಪೆಟ್ಟು. ವಿಲ್ಸ್‌ಡಾರ್ಫ್ 1919ರಲ್ಲಿ ಜಿನೀವಾಕ್ಕೆ ಹೊರಟರು. ರೋಲೆಕ್ಸ್ ಸ್ವಿಸ್ ಕಂಪನಿಯಾದದ್ದು ಹೀಗೆ, ತೆರಿಗೆಯ ಕಾಟದಿಂದ!

ಕೈಗೆ ಕಟ್ಟುವ ವಾಚನ್ನು ಯಾರೂ ನಂಬುತ್ತಿರಲಿಲ್ಲ

ಆ ಕಾಲದಲ್ಲಿ ಗಂಡಸರದ್ದು ಜೇಬಿನ ಗಡಿಯಾರ. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂಬ ಭಾವನೆ ಇತ್ತು. ತಜ್ಞರ ಆಕ್ಷೇಪಕ್ಕೂ ಕಾರಣವಿತ್ತು: ಇಷ್ಟು ಸಣ್ಣ ಯಂತ್ರ, ದಿನವಿಡೀ ಅಲ್ಲಾಡುವ ಕೈ, ಮೇಲೆ ಧೂಳು, ಬೆವರು. ಸಮಯ ಸರಿಯಾಗಿ ತೋರಿಸಲು ಹೇಗೆ ಸಾಧ್ಯ?

ವಿಲ್ಸ್‌ಡಾರ್ಫ್ ಇದಕ್ಕೆ ಉತ್ತರ ಕೊಟ್ಟದ್ದು ಹೊರಗಿನವರ ಪರೀಕ್ಷೆಯ ಮೂಲಕ. 1910ರಲ್ಲಿ ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿದ್ದ ಅಧಿಕೃತ ಕೇಂದ್ರದಿಂದ ನಿಖರತೆಯ ಪ್ರಮಾಣಪತ್ರ ಪಡೆದರು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ರೋಲೆಕ್ಸ್ ಕೈಗಡಿಯಾರಕ್ಕೆ ‘ಎ’ ದರ್ಜೆ ಕೊಟ್ಟಿತು. ಅಲ್ಲಿಯವರೆಗೆ ಈ ದರ್ಜೆ ಸಿಗುತ್ತಿದ್ದದ್ದು ಕೈಗಡಿಯಾರಕ್ಕಿಂತ ದೊಡ್ಡ ಗಡಿಯಾರಗಳಿಗೆ. ವಾಚನ್ನು 45 ದಿನ, ಐದು ಭಂಗಿಗಳಲ್ಲಿ, ಮೂರು ಬೇರೆ ಬೇರೆ ಉಷ್ಣತೆಯಲ್ಲಿ ಇಟ್ಟು ನೋಡುವ ಕಠಿಣ ಪರೀಕ್ಷೆ ಅದು.

ಅಂದರೆ ‘ನಿಖರ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1914ರಲ್ಲಿ ಅದು ಪೂರ್ತಿ ನಿಜ. ಆದರೆ ಅದು 1914ರ ನಿಜ.

ಈಜುಗಾತಿಯ ಕುತ್ತಿಗೆಯಲ್ಲಿದ್ದ ವಾಚು

1926ರಲ್ಲಿ ನೀರು, ಧೂಳು ಒಳನುಗ್ಗದ ‘ಆಯ್‌ಸ್ಟರ್’ ವಾಚು ಬಂತು. ಹಿಂಬದಿಯ ಮುಚ್ಚಳ, ಮುಂದಿನ ಉಂಗುರ, ಕೀ ಕೊಡುವ ತಿರುಪು ಮೂರೂ ಡಬ್ಬಿಯ ಮುಚ್ಚಳದಂತೆ ತಿರುಗಿಸಿ ಬಿಗಿಯುವಂಥವು. ಆ ತಿರುಪಿನ ಮೂಲ ಕಲ್ಪನೆ ರೋಲೆಕ್ಸಿನದ್ದಲ್ಲ. ಬೇರೆ ಇಬ್ಬರು ಸ್ವಿಸ್ ತಂತ್ರಜ್ಞರ ಪೇಟೆಂಟನ್ನು ವಿಲ್ಸ್‌ಡಾರ್ಫ್ ಕೊಂಡುಕೊಂಡು ಸುಧಾರಿಸಿದರು.

ಜನರನ್ನು ನಂಬಿಸುವುದು ಹೇಗೆ? ಮರ್ಸಿಡಿಸ್ ಗ್ಲೈಟ್ಜ್ ಎಂಬ ಲಂಡನ್ನಿನ ಟೈಪಿಸ್ಟ್ 1927ರ ಅಕ್ಟೋಬರ್ 7ರಂದು ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ್ದರು. ಆ ಸಾಧನೆ ಮಾಡಿದ ಮೊದಲ ಬ್ರಿಟಿಷ್ ಮಹಿಳೆ ಅವರು. ಆದರೆ ಕೆಲವೇ ದಿನಗಳಲ್ಲಿ ಇನ್ನೊಬ್ಬ ಮಹಿಳೆ ತಾನೂ ದಾಟಿದೆ ಎಂದು ಹೇಳಿಕೊಂಡು, ಆಮೇಲೆ ಅದು ಸುಳ್ಳು ಎಂದು ಒಪ್ಪಿಕೊಂಡಳು. ಅದರಿಂದ ಗ್ಲೈಟ್ಜ್ ಮೇಲೂ ಜನರಿಗೆ ಅನುಮಾನ ಬಂತು. ತಾನು ಸುಳ್ಳು ಹೇಳಿಲ್ಲ ಎಂದು ತೋರಿಸಲು ಅವರು ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದರು. ವಿಲ್ಸ್‌ಡಾರ್ಫ್ ವಾಚು ಕೊಟ್ಟದ್ದು ಈ ಎರಡನೇ ಸಲ. ಅದು ಅವರ ಕುತ್ತಿಗೆಯಲ್ಲಿ ತೂಗುತ್ತಿತ್ತು.

ಆ ದಿನ ನೀರು ವಿಪರೀತ ತಣ್ಣಗಿತ್ತು. ಹತ್ತು ಗಂಟೆಗೂ ಹೆಚ್ಚು ಈಜಿದ ಮೇಲೆ ಅರೆಪ್ರಜ್ಞೆಯ ಸ್ಥಿತಿಯಲ್ಲಿ ಅವರನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ದಡ ಸಿಗಲಿಲ್ಲ. ವಾಚು ಮಾತ್ರ ನಡೆಯುತ್ತಲೇ ಇತ್ತು. ನವೆಂಬರ್ 24ರಂದು ‘ಡೈಲಿ ಮೇಲ್’ ಪತ್ರಿಕೆಯ ಇಡೀ ಮುಖಪುಟವನ್ನು ರೋಲೆಕ್ಸ್ ಜಾಹೀರಾತಿಗೆ ಕೊಂಡುಕೊಂಡಿತು.

ವಾಚು ನೀರಿನಲ್ಲಿ ಉಳಿದದ್ದು ನಿಜ. ಅದು ಕಾಲುವೆ ‘ದಾಟಿದ್ದು’ ಮಾತ್ರ ನಿಜವಲ್ಲ. ಆ ಹೆಣ್ಣುಮಗಳು ದಾಟಿದ ದಿನ ಈ ವಾಚು ಜೊತೆಗಿರಲಿಲ್ಲ, ವಾಚು ಜೊತೆಗಿದ್ದ ದಿನ ಆಕೆ ದಾಟಲಿಲ್ಲ.

ಎವರೆಸ್ಟ್ ತುದಿಯಲ್ಲಿ ಯಾರ ವಾಚು?

1953ರ ಬ್ರಿಟಿಷ್ ಎವರೆಸ್ಟ್ ತಂಡಕ್ಕೆ ರೋಲೆಕ್ಸ್ ವಾಚು ಕೊಟ್ಟಿತ್ತು. ಬ್ರಿಟನ್ನಿನ ಸ್ಮಿತ್ಸ್ ಎಂಬ ಕಂಪನಿಯೂ ಕೊಟ್ಟಿತ್ತು. ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ತುದಿ ಮುಟ್ಟಿದರು. ಬಳಿಕ ಎರಡೂ ಕಂಪನಿಗಳು ಜಾಹೀರಾತು ಕೊಟ್ಟವು! ತಾನು ಶಿಖರಕ್ಕೆ ಒಯ್ದದ್ದು ಸ್ಮಿತ್ಸ್ ವಾಚು ಎಂಬ ಹಿಲರಿಯ ಮಾತನ್ನು ಸ್ಮಿತ್ಸ್ ಕಂಪನಿ ತನ್ನ ಜಾಹೀರಾತಿನಲ್ಲಿ ಹಾಕಿಕೊಂಡಿತು. ಹಾಗಾಗಿ “ಎವರೆಸ್ಟ್ ಏರಿದ ಮೊದಲ ವಾಚು ರೋಲೆಕ್ಸ್” ಎಂದು ಒಂದೇ ಏಟಿಗೆ ಹೇಳಿಬಿಡಲು ಬರುವುದಿಲ್ಲ.

ಒಳಗೆ ಏನು ನಡೆಯುತ್ತದೆ?

ಅಜ್ಜನ ಕಾಲದ ಕೀ ಕೊಡುವ ವಾಚು ನೆನಪಿಸಿಕೊಳ್ಳಿ. ಕೀ ಕೊಟ್ಟಾಗ ಒಳಗೆ ಸುರುಳಿ ಸ್ಪ್ರಿಂಗ್ ಬಿಗಿಯಾಗುತ್ತದೆ. ಅದು ಬಿಚ್ಚಿಕೊಳ್ಳುವ ಬಲ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಒಂದೇ ಸಲ ಬುರ್ರನೆ ಬಿಚ್ಚಿಕೊಳ್ಳದಂತೆ ತಡೆಯಲು ಒಂದು ಪುಟ್ಟ ಚಕ್ರವಿದೆ. ಕೂದಲೆಳೆಯಂಥ ಸ್ಪ್ರಿಂಗಿನ ಮೇಲೆ ಅದು ಉಯ್ಯಾಲೆಯಂತೆ ಅತ್ತಿತ್ತ ಆಡುತ್ತದೆ. ಒಂದೊಂದು ತೂಗಿಗೆ ಹಲ್ಲಿನ ಚಕ್ರವನ್ನು ಒಂದೊಂದು ಹೆಜ್ಜೆ ಬಿಡುತ್ತದೆ. ‘ಟಿಕ್ ಟಿಕ್’ ಸದ್ದು ಅದೇ.

ಇಂದಿನ ಹೆಚ್ಚಿನ ರೋಲೆಕ್ಸ್‌ಗಳಲ್ಲಿ ಈ ಚಕ್ರ ಸೆಕೆಂಡಿಗೆ 8 ಬಾರಿ, ದಿನಕ್ಕೆ 6,91,200 ಬಾರಿ ತೂಗುತ್ತದೆ. 1931ರಲ್ಲಿ ಬಂದ ‘ಪರ್ಪೆಚುವಲ್’ ವ್ಯವಸ್ಥೆಯಲ್ಲಿ ಅರ್ಧಚಂದ್ರಾಕಾರದ ಒಂದು ತೂಕ ಕೈ ಅಲ್ಲಾಡಿದಂತೆ ಸುತ್ತುತ್ತಾ ತಾನೇ ಕೀ ಕೊಟ್ಟುಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೂ ಕಂಪನಿ ಹೇಳಿಕೊಳ್ಳುವ ನಿಖರತೆ ದಿನಕ್ಕೆ 2 ಸೆಕೆಂಡ್ ಹೆಚ್ಚು ಅಥವಾ ಕಡಿಮೆ. ದಿನಕ್ಕೆ 86,400 ಸೆಕೆಂಡ್ ಇರುವಾಗ ಇದು ಅದ್ಭುತವೇ. ಆದರೆ ತಿಂಗಳಿಗೆ ಒಂದು ನಿಮಿಷದವರೆಗೂ ವ್ಯತ್ಯಾಸ ಆಗಬಹುದು.

ಈಗ ಇನ್ನೂರು ರೂಪಾಯಿಯ ಸೆಲ್ ವಾಚು ನೋಡಿ. ಅದರೊಳಗೆ ಒಂದು ಚೂರು ಕ್ವಾರ್ಟ್ಜ್ ಹರಳು. ವಿದ್ಯುತ್ ಹಾಯಿಸಿದರೆ ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಬರುತ್ತದೆ. ಒಳಗಿನ ಚಿಪ್ ಮಾಡುವುದು ಇದನ್ನೇ. ಇಂಥ ವಾಚು ತಪ್ಪುವುದು ಸಾಮಾನ್ಯವಾಗಿ ತಿಂಗಳಿಗೆ 15ರಿಂದ 30 ಸೆಕೆಂಡ್. ಕೈಯಲ್ಲಿರುವ ಫೋನಂತೂ ಅಣು ಗಡಿಯಾರಗಳ ಸಮಯಕ್ಕೆ ನೆಟ್‌ವರ್ಕ್ ಮೂಲಕ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಆ ಫಾರ್ವರ್ಡ್ ಓದುತ್ತಿರುವ ಫೋನೇ ರೋಲೆಕ್ಸ್‌ಗಿಂತ ನಿಖರ!

1969ರ ಕ್ರಿಸ್‌ಮಸ್ ದಿನ ಎಲ್ಲ ಬದಲಾಯಿತು

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರ ‘ಆಸ್ಟ್ರಾನ್’ ಅನ್ನು ಮಾರುಕಟ್ಟೆಗೆ ಬಿಟ್ಟಿತು. ಬೆಲೆ 4,50,000 ಯೆನ್, ಆಗಿನ ಒಂದು ಸಣ್ಣ ಕಾರಿನಷ್ಟು. ಆದರೆ ಚಿಪ್‌ಗಳು ಅಗ್ಗವಾದಂತೆ ಕ್ವಾರ್ಟ್ಜ್ ವಾಚಿನ ಬೆಲೆ ಕುಸಿಯಿತು. ಸ್ವಿಸ್ ವಾಚು ಉದ್ಯಮದಲ್ಲಿ 1970ರ ಸುಮಾರಿಗೆ 90,000 ಜನ ಕೆಲಸದಲ್ಲಿದ್ದರು. 1980ರ ದಶಕದ ಮಧ್ಯದ ಹೊತ್ತಿಗೆ ಉಳಿದವರು 30,000ಕ್ಕಿಂತ ಸ್ವಲ್ಪ ಹೆಚ್ಚು. ತಲೆಮಾರುಗಳಿಂದ ಇದೇ ಕಸುಬು ಮಾಡಿಕೊಂಡಿದ್ದ ಎಷ್ಟೋ ಮನೆಗಳಿಗೆ ಕೆಲಸವಿಲ್ಲದಾಯಿತು.

ರೋಲೆಕ್ಸ್ ಕೂಡ ಕ್ವಾರ್ಟ್ಜ್ ಮಾಡಿತು. ಬೇರೆ ಸ್ವಿಸ್ ಕಂಪನಿಗಳ ಜೊತೆ ಸೇರಿ 1970ರಲ್ಲಿ ಒಂದು, ಸ್ವಂತವಾಗಿ 1977ರಲ್ಲಿ ‘ಆಯ್‌ಸ್ಟರ್‌ಕ್ವಾರ್ಟ್ಜ್’. ಆದರೆ ಅದನ್ನು ಮುಖ್ಯ ವ್ಯಾಪಾರ ಮಾಡಿಕೊಳ್ಳಲಿಲ್ಲ, 2000ದ ದಶಕದ ಆರಂಭದಲ್ಲಿ ಕೈಬಿಟ್ಟಿತು. ಸಮಯ ತೋರಿಸುವ ಸ್ಪರ್ಧೆಯಲ್ಲಿ ಗೆಲ್ಲಲು ಆಗದು ಎಂದಾದಾಗ ಕರಕುಶಲತೆ, ಬಾಳಿಕೆ, ಅಂತಸ್ತು ಮತ್ತು ಕಥೆಯನ್ನು ಮಾರತೊಡಗಿತು. ಈಜುಗಾತಿ, ಎವರೆಸ್ಟ್ ಎಲ್ಲ ಇಂದಿಗೂ ನಮ್ಮ ಫೋನಿಗೆ ಬರುವುದು ಅದಕ್ಕೇ.

ಇದೇ ಬಿರುಗಾಳಿ ಬೆಂಗಳೂರಿಗೂ ಬೀಸಿತು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಶುರುವಾದ ಎಚ್‌ಎಂಟಿ ವಾಚು ಕಾರ್ಖಾನೆ ಮದುವೆ, ಪಾಸಾದ ಮಗ, ನಿವೃತ್ತಿ ಎಲ್ಲಕ್ಕೂ ಉಡುಗೊರೆ ಒದಗಿಸಿತ್ತು. 1980ರ ದಶಕದಲ್ಲಿ ಟೈಟನ್ ಹೊಸೂರಿನಲ್ಲಿ ಕ್ವಾರ್ಟ್ಜ್ ವಾಚುಗಳನ್ನೇ ನೆಚ್ಚಿ ಹೊರಟಿತು. ಎಚ್‌ಎಂಟಿ ಕ್ವಾರ್ಟ್ಜ್ ಮಾಡಿದರೂ ಕೀ ಕೊಡುವ ವಾಚಿನ ಮೇಲೇ ಹೆಚ್ಚು ನಿಂತಿತ್ತು. 2016ರಲ್ಲಿ ಎಚ್‌ಎಂಟಿ ವಾಚು ಘಟಕಗಳನ್ನು ಮುಚ್ಚಲಾಯಿತು. ಎಲ್ಲರ ಕೈಗೂ ಸಮಯ ಕೊಡುವುದು ಅದರ ವ್ಯಾಪಾರ. ಅದೇ ಸಮಯ ಬೇರೆ ಕಡೆ ಅಗ್ಗವಾಗಿ ಸಿಕ್ಕಾಗ ನಿಲ್ಲುವುದು ಕಷ್ಟವಾಯಿತು.

ಲಾಭವೆಲ್ಲ ದಾನಕ್ಕೆ ಹೋಗುತ್ತದೆಯೇ?

ಪತ್ನಿ 1944ರಲ್ಲಿ ತೀರಿಕೊಂಡ ಬಳಿಕ ವಿಲ್ಸ್‌ಡಾರ್ಫ್ ತಮ್ಮ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯ ತಮ್ಮ ಪಾಲನ್ನು ಅದಕ್ಕೆ ಬಿಟ್ಟರು. 1960ರಲ್ಲಿ ಅವರು ತೀರಿಹೋದರು. ಇಂದಿಗೂ ರೋಲೆಕ್ಸ್‌ನ ಒಡೆತನ ಆ ಪ್ರತಿಷ್ಠಾನದ್ದೇ. ಅದು ದಾನ ಮಾಡುವುದೂ ನಿಜ, ಜಿನೀವಾದಲ್ಲಿ ಒಂದು ಸೇತುವೆಗೆ ವಿಲ್ಸ್‌ಡಾರ್ಫ್ ಹೆಸರೇ ಇದೆ. ಆದರೆ ಒಡೆತನ ಪ್ರತಿಷ್ಠಾನದ್ದು ಎಂದ ಮಾತ್ರಕ್ಕೆ ಕಂಪನಿ ಧರ್ಮಛತ್ರವಲ್ಲ. ಅದು ಲಾಭಕ್ಕಾಗಿಯೇ ವಾಚು ಮಾರುತ್ತದೆ, ಲೆಕ್ಕಪತ್ರ ಪ್ರಕಟಿಸುವುದಿಲ್ಲ. “ಲಾಭವೆಲ್ಲ ಬಡವರಿಗೆ” ಎನ್ನಲು ಆಧಾರವಿಲ್ಲ.

‘ಮುಳ್ಳು ಜಾರಿದರೆ ಅಸಲಿ’ ಎಂಬ ಅಪಾಯದ ಸಲಹೆ

ಈಗ ನಿಮ್ಮ ಜೇಬಿಗೆ ಸಂಬಂಧಿಸಿದ ಮಾತು. “ಸೆಕೆಂಡ್ ಮುಳ್ಳು ಟಿಕ್ ಟಿಕ್ ಎಂದು ಹಾರದೆ ನುಣ್ಣಗೆ ಜಾರಿದರೆ ಅಸಲಿ ರೋಲೆಕ್ಸ್” ಎಂಬ ವಿಡಿಯೊಗಳು ಓಡಾಡುತ್ತಿವೆ. ಇದನ್ನು ನಂಬಬೇಡಿ. ಸ್ಪ್ರಿಂಗ್ ಮೇಲೆ ನಡೆಯುವ ಯಾವ ಅಗ್ಗದ ವಾಚಿನ ಮುಳ್ಳೂ ಹಾಗೆಯೇ ಜಾರುತ್ತದೆ, ನಕಲಿಯದ್ದೂ ಸಹ. ಇನ್ನು ಅಸಲಿ ಆಯ್‌ಸ್ಟರ್‌ಕ್ವಾರ್ಟ್ಜ್‌ನ ಮುಳ್ಳು ಸೆಕೆಂಡಿಗೊಮ್ಮೆ ಟಿಕ್ ಎಂದೇ ಹಾರುತ್ತದೆ!

ತೂಕ, ಹೊಳಪು, ಕಿರೀಟದ ಗುರುತು, ಡಬ್ಬಿ, ಕಾರ್ಡು ಎಲ್ಲವನ್ನೂ ನಕಲು ಮಾಡುತ್ತಾರೆ. ಹಿಂಬದಿ ಬಿಚ್ಚಿ ಒಳಗಿನ ಯಂತ್ರವನ್ನು ತಿಳಿದವರು ನೋಡುವುದೇ ನಂಬಬಹುದಾದ ಪರೀಕ್ಷೆ. “ಕಸ್ಟಮ್ಸ್‌ನಲ್ಲಿ ಹಿಡಿದದ್ದು, 4,999 ರೂಪಾಯಿಗೆ ಕೊಡುತ್ತೇವೆ” ಎಂಬ ಸಂದೇಶ ಬಂದರೆ ಇಷ್ಟು ನೆನಪಿಡಿ: ರೋಲೆಕ್ಸ್ ತನ್ನ ಹೊಸ ವಾಚುಗಳನ್ನು ಮಾರುವುದು ಅಧಿಕೃತ ಅಂಗಡಿಗಳ ಮೂಲಕ ಮಾತ್ರ. ನಕಲಿ ಟ್ರೇಡ್‌ಮಾರ್ಕ್ ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಅಪರಾಧ. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ, ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

• ಜಗತ್ತಿನಲ್ಲೇ ಅತ್ಯಂತ ನಿಖರ: ಸುಳ್ಳು. ಸ್ಪ್ರಿಂಗ್ ವಾಚುಗಳ ಸಾಲಿನಲ್ಲಿ ಮಾತ್ರ ಬಹಳ ನಿಖರ.
• ಒಂದು ವಾಚಿಗೆ ಒಂದು ವರ್ಷ: ದಾರಿ ತಪ್ಪಿಸುವ ಮಾತು. ಉದ್ಯಮದ ವಿಶ್ಲೇಷಕರ ಅಂದಾಜಿನಂತೆ ವರ್ಷಕ್ಕೆ ಸುಮಾರು ಹತ್ತು ಲಕ್ಷ ವಾಚು ತಯಾರಾಗುತ್ತವೆ.
• ಇಂಗ್ಲಿಷ್ ಕಾಲುವೆ ದಾಟಿತು: ಅರ್ಧ ನಿಜ. ನೀರಿನಲ್ಲಿ ಉಳಿಯಿತು, ದಾಟಲಿಲ್ಲ.
• ಎವರೆಸ್ಟ್ ಏರಿದ ಮೊದಲ ವಾಚು: ವಿವಾದ ಇದೆ.
• ಲಾಭವೆಲ್ಲ ಬಡವರಿಗೆ: ಒಡೆತನ ಪ್ರತಿಷ್ಠಾನದ್ದು, ಅಷ್ಟು ನಿಜ.

ಚಂದದ ಯಂತ್ರ ಬೇಕು, ದುಡ್ಡೂ ಇದೆ ಎನ್ನುವವರು ರೋಲೆಕ್ಸ್ ಕೊಳ್ಳಲಿ, ತಪ್ಪೇನಿಲ್ಲ. ಬಸ್ಸು ತಪ್ಪಬಾರದು ಅಷ್ಟೇ ಎನ್ನುವವರಿಗೆ ಕೈಯಲ್ಲಿರುವ ಇನ್ನೂರು ರೂಪಾಯಿಯ ವಾಚು ಸಾಕು. ಮುಂದಿನ ಸಲ ಆ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಉಳಿದರ್ಧ ಕಥೆಯನ್ನೂ ಕಳಿಸಿ.