ದೂರ ಬದಲಾಗದು, ಪ್ರಯಾಣದ ಅವಧಿ ನಮ್ಮ ಕೈಯಲ್ಲಿಲ್ಲ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಸುಮಾರು 14 ಸಾವಿರ ಕಿ.ಮೀ. ಈ ಅಂಕಿ ಎಂದೂ ಬದಲಾಗದು. ಆದರೆ ಅದು ಎಷ್ಟು ಹೊತ್ತಿನ ಪ್ರಯಾಣ ಎಂಬ ಪ್ರಶ್ನೆಗೆ ಅಷ್ಟು ಸರಳವಾದ ಉತ್ತರವಿಲ್ಲ.

2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು ಉತ್ತರ ಧ್ರುವದ ಮೇಲಿಂದ ಹಾರಿ, ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಆ ವಿಮಾನದ ಪೈಲಟ್‌ಗಳೆಲ್ಲರೂ ಮಹಿಳೆಯರಾಗಿದ್ದುದು ವಿಶೇಷ. ಮಗಳ ಬಾಣಂತನಕ್ಕೆಂದು ಒಂಟಿಯಾಗಿ ಅಮೆರಿಕಕ್ಕೆ ಹೊರಡುವ, ಇಂಗ್ಲಿಷ್ ಬಾರದ ತಾಯಂದಿರಿಗೆ ನಡುದಾರಿಯಲ್ಲಿ ವಿಮಾನ ಬದಲಿಸುವ ಗೋಜಿಲ್ಲದಿದ್ದುದು ಸಣ್ಣ ಅನುಕೂಲವೇನಾಗಿರಲಿಲ್ಲ.

ದೂರ ಹೆಚ್ಚಿದರೆ ಸಮಯವೂ ಹೆಚ್ಚಬೇಕೆಂಬ ನಿಯಮ ಆಗಸದಲ್ಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾದ ದೆಹಲಿ-ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅಟ್ಲಾಂಟಿಕ್ ಬದಲು ಪೆಸಿಫಿಕ್ ಮಾರ್ಗ ಹಿಡಿಯಿತು. ಕ್ರಮಿಸಿದ್ದು ಸುಮಾರು 15,300 ಕಿ.ಮೀ. ಇದು ಹಳೆಯ ಮಾರ್ಗಕ್ಕಿಂತ ಸಾವಿರಕ್ಕೂ ಹೆಚ್ಚು ಕಿ.ಮೀ. ಅಧಿಕ. ಆದರೂ ಪೂರ್ವಕ್ಕೆ ಬೀಸುವ ಗಾಳಿಯ ನೆರವಿನಿಂದ ಸುಮಾರು ಎರಡು ಗಂಟೆ ಉಳಿಯಿತು. ಇನ್ನು ಹಿಮಾಲಯದ್ದು ಬೇರೆಯೇ ಲೆಕ್ಕ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಸುಮಾರು 10 ಸಾವಿರ ಅಡಿಗೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ವಿಮಾನಗಳು ಸಾಮಾನ್ಯವಾಗಿ ಅದನ್ನು ಬಳಸಿಕೊಂಡು ಹೋಗುತ್ತವೆ.

ಗಾಳಿ, ಬೆಟ್ಟಗಳನ್ನು ಮೊದಲೇ ಲೆಕ್ಕ ಹಾಕಬಹುದು. ರಾಜಕಾರಣವನ್ನು ಹಾಗೆ ಲೆಕ್ಕ ಹಾಕಲಾಗದು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಗಸ ಮುಚ್ಚಿತು. ಯುನೈಟೆಡ್ ಏರ್‌ಲೈನ್ಸ್ 2020ರಲ್ಲಿ ಘೋಷಿಸಿ ಮುಂದೂಡುತ್ತ ಬಂದಿದ್ದ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ಸೇವೆ ಕೈಗೂಡಲಿಲ್ಲ. ರಷ್ಯಾದ ಮೇಲೆ ಹಾರಬಲ್ಲ ಏರ್ ಇಂಡಿಯಾಕ್ಕೆ ಇದು ಲಾಭವೇ ಆಯಿತು.

ಆದರೆ ಲೆಕ್ಕಾಚಾರ ತಲೆಕೆಳಗಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಅಮೆರಿಕದಿಂದ ಬರುವ ಕೆಲವು ವಿಮಾನಗಳು ವಿಯೆನ್ನಾ, ಕೋಲ್ಕತ್ತಗಳಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಯಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ದೆಹಲಿ-ವಾಷಿಂಗ್ಟನ್ ಸೇವೆಯನ್ನೇ ಏರ್ ಇಂಡಿಯಾ ಸ್ಥಗಿತಗೊಳಿಸಿತು. ಅದಕ್ಕೆ ನೀಡಿದ ಕಾರಣಗಳು ಎರಡು: ವಿಮಾನಗಳ ಕೊರತೆ ಮತ್ತು ಮುಚ್ಚಿದ ಪಾಕ್ ಆಗಸ. ಹೆಚ್ಚುವರಿ ಹಾರಾಟದ ಒಂದೊಂದು ಗಂಟೆಗೂ ಇಂಧನ ಬೇಕು, ಸಿಬ್ಬಂದಿಯ ಕರ್ತವ್ಯದ ಅವಧಿಗೂ ಮಿತಿಯಿದೆ. ಈ ಹೊರೆ ಕೊನೆಗೆ ಪ್ರಯಾಣಿಕನ ಹೆಗಲಿಗೇ ಬೀಳುವುದು ಸಹಜ.

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಎಲ್ಲಿ ಬೇಕೆಂಬ ಚರ್ಚೆ ರಾಜ್ಯದಲ್ಲಿ ಬಿಸಿಯೇರಿದೆ. ಚರ್ಚೆ ಅಗತ್ಯವೇ. ಆದರೆ ರನ್‌ವೇಗೆ ಜಮೀನನ್ನು ನಾವೇ ಹುಡುಕಿಕೊಳ್ಳಬಹುದು, ಅಲ್ಲಿಂದ ಮೇಲೆದ್ದ ವಿಮಾನಕ್ಕೆ ದಾರಿಯನ್ನು ನೆರೆಹೊರೆಯವರೇ ಬಿಟ್ಟುಕೊಡಬೇಕು. ಅದನ್ನು ದಕ್ಕಿಸಿಕೊಡುವ ಹೊಣೆ ವಿಮಾನಯಾನ ಇಲಾಖೆಗಿಂತ ಹೆಚ್ಚಾಗಿ ವಿದೇಶಾಂಗ ನೀತಿಯ ಮೇಲಿದೆ.