ಬರೆದಿಟ್ಟಿಲ್ಲ ಅಂದ್ರೆ ನಮ್ಮದು ಸುಳ್ಳಾ?

ಪೋಸ್ಟ್ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮೊನ್ನೆ ನಮ್ಮ ಯಲ್ಲದಕೆರೇಲಿ ಟೀ ಅಂಗಡಿ ಮುಂದೆ ಕೂತಿದ್ವಿ. ವಚನದ ಮಾತು ಬಂತು. ಓದಿಕೊಂಡವರೊಬ್ಬರು, "ಮಾದಾರ ಚೆನ್ನಯ್ಯನ ವಚನ ಅಂತೀರಲ್ಲ, ಆ ಕಾಲದ ಒಂದು ಓಲೆಗರಿ ತೋರ್ಸಪ್ಪ ನೋಡಾಣ. ನಿಮ್ಮೋರಿಗೆ ಆಗ ಅಕ್ಷರ ಎಲ್ಲಿತ್ತು?" ಅಂದ್ರು. ನಮ್ಮ ಹುಡುಗನೊಬ್ಬ ಬಿಡಲಿಲ್ಲ. "ಹಂಗಾದ್ರೆ ಪುಣೆ ಭಂಡಾರ್ಕರ್ ಸಂಸ್ಥೇಲಿರೋ ಋಗ್ವೇದದ ಹಳೇ ಪ್ರತಿ 1464ನೇ ಇಸವಿದು. ಬಸವಣ್ಣನಿಗಿಂತ ಮುನ್ನೂರು ವರ್ಷ ಈಚೆಗೆ!" ಅಂದ. ಎಲ್ಲರೂ ಚಪ್ಪಾಳೆ. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅನ್ನಿಸ್ತು, ಇಬ್ಬರ ವಾದವೂ ತಪ್ಪು.

ಕಟ್ಟಿದ ಕಾಲ ಬೇರೆ, ಬರೆದಿಟ್ಟ ಕಾಲ ಬೇರೆ. ವೇದ ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದಿದ್ದು. ಕೈಗೆ ಸಿಕ್ಕ ಪ್ರತಿಯ ಇಸವಿ ಹಿಡಿದು ಅದು ಹೊಸದು ಅನ್ನೋಕಾಗಲ್ಲ. ನಾವು ಹಂಗಂದ್ರೆ ಏಟು ನಮಗೇ ಬೀಳುತ್ತೆ. ನಮ್ಮ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂದದ್ದು 1990ರ ದಶಕದಲ್ಲಿ. ಹಾಗಾದರೆ ಜುಂಜಪ್ಪನಿಗೆ ಮೂವತ್ತೇ ವರ್ಷನಾ?

ನನ್ನ ಸಿಟ್ಟು ಇರೋದು ಬೇರೆ ಕಡೆ. ಅವರು ಬಾಯಲ್ಲಿ ಉಳಿಸಿಕೊಂಡರೆ ಅದು 'ಶ್ರುತಿ'. ನಾವು ಬಾಯಲ್ಲಿ ಉಳಿಸಿಕೊಂಡರೆ ಅದು ಕಟ್ಟುಕತೆ. ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ತವರ, ಅರಗು ಹೊಯ್ಯಬೇಕು ಅಂತ ಗೌತಮ ಧರ್ಮಸೂತ್ರದಲ್ಲಿ ಬರೆದವರು ಯಾರು? ಅಕ್ಷರ ಕೊಡದೆ ದೂರ ಇಟ್ಟು, ಈಗ ಬಂದು "ದಾಖಲೆ ತೋರಿಸಿ" ಅಂದ್ರೆ ಹೆಂಗೆ ಸ್ವಾಮಿ?

ಇನ್ನು ವಚನದ ವಿಷಯ. ಇಲ್ಲಿ ನಾವೂ ಪ್ರಾಮಾಣಿಕವಾಗಿ ಮಾತಾಡಬೇಕು. ಕಲ್ಯಾಣ ಚದುರಿದ್ದು 12ನೇ ಶತಮಾನದಲ್ಲಿ. ವಚನಗಳನ್ನು ದೊಡ್ಡ ಮಟ್ಟದಲ್ಲಿ ಕಲೆಹಾಕಿದ್ದು 15ನೇ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ಸುಮಾರಿಗೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆ ಕಟ್ಟಿದ್ದೂ ಆ ಶತಮಾನದಲ್ಲೇ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗರಿ ಕೂಡಿಸಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದ್ದು 1923ರಲ್ಲಿ. ನಡುವೆ ಏನೇನು ಕಳೆದುಹೋಯ್ತು, ಏನೇನು ಸೇರಿತು?

ಲೆಕ್ಕ ನೋಡಿ. ಬಸವಣ್ಣನವರ ಹೆಸರಲ್ಲಿ ಸಿಕ್ಕಿರೋ ವಚನ ಸುಮಾರು 1400. ಮಾದಾರ ಚೆನ್ನಯ್ಯನದು 10. ಡೋಹರ ಕಕ್ಕಯ್ಯನದು 6. ಇವರು ಇಷ್ಟೇ ಮಾತಾಡಿದ್ರಾ? ಇಲ್ಲ, ಬರೆದಿಟ್ಟವರು ಇಷ್ಟನ್ನೇ ಉಳಿಸಿದ್ರಾ? ಉಳಿದ ಹತ್ತರಲ್ಲೂ ಆಮೇಲಿನವರು ಸೇರಿಸಿದ್ದು ಇರಬಹುದು. ಈ ಪ್ರಶ್ನೆ ಕೇಳೋಕೆ ನಮಗೆ ಭಯ ಯಾಕೆ? ಚಿತ್ರದುರ್ಗದಲ್ಲಿ ಚೆನ್ನಯ್ಯನ ಹೆಸರಲ್ಲೇ ಗುರುಪೀಠ ಇದೆ. ಒಂದು ವಚನ ಈಚಿನದು ಅಂತ ಗೊತ್ತಾದ್ರೆ ಚೆನ್ನಯ್ಯ ಸಣ್ಣವನಾಗಲ್ಲ.

ಆದರೆ ಈ ಪ್ರಶ್ನೆ ಕೇಳಿದವರ ಗತಿ ಏನಾಯ್ತು ಗೊತ್ತಲ್ಲ. ಚೆನ್ನಬಸವಣ್ಣನ ಹುಟ್ಟಿಗೂ ಡೋಹರ ಕಕ್ಕಯ್ಯನಿಗೂ ನಂಟಿದೆ ಅಂತ ಎಂ.ಎಂ. ಕಲಬುರ್ಗಿ 'ಮಾರ್ಗ'ದಲ್ಲಿ ಬರೆದರು. 1989ರಲ್ಲಿ ಒತ್ತಡ ಹಾಕಿ ಆ ಬರಹ ವಾಪಸ್ ತಗೊಳ್ಳೋ ಹಂಗೆ ಮಾಡಿದರು. ಅವರು ಬರೆದದ್ದು ತಪ್ಪಿರಬಹುದು, ಆಧಾರ ಇಟ್ಟು ತಪ್ಪು ಅಂತ ತೋರಿಸಬಹುದಿತ್ತು. ಆದರೆ ಅವಮಾನ ಆಗಿದ್ದು ಯಾವುದರಿಂದ? ಚರ್ಮ ಹದ ಮಾಡೋ ಕಕ್ಕಯ್ಯನ ಹೆಸರು ಪಕ್ಕದಲ್ಲಿ ಬಂದದ್ದರಿಂದಲೇ ತಾನೆ? ಕಕ್ಕಯ್ಯ ಶರಣ ಅಂತ ಕೈಮುಗಿಯೋರಿಗೆ ಆತನ ರಕ್ತ ಮಾತ್ರ ಯಾಕೆ ಮೈಲಿಗೆ? 2015ರ ಆಗಸ್ಟ್ 30ರಂದು ಅದೇ ಕಲಬುರ್ಗಿಯವರನ್ನು ಧಾರವಾಡದಲ್ಲಿ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಇನ್ನೊಂದು ಕಡೆ, ಮಾತೆ ಮಹಾದೇವಿಯವರು 'ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ಅನ್ನೋ ಅಂಕಿತ ತೆಗೆದು 'ಲಿಂಗದೇವ' ಮಾಡಿದರು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು. ನನಗೆ ಪುಸ್ತಕ ನಿಷೇಧ ಒಪ್ಪಿಗೆಯಿಲ್ಲ. ಆದರೆ ಇನ್ನೊಬ್ಬರ ಮಾತನ್ನ ನಮಗೆ ಬೇಕಾದಂಗೆ ತಿದ್ದೋದೂ ಒಪ್ಪಿಗೆಯಿಲ್ಲ. ನಮ್ಮ ಕಡೆಯವರು ಮಾಡಿದ್ರೂ ಅಷ್ಟೇ.

ಯಹೂದ್ಯರಲ್ಲೂ ಇದೇ ಜಗಳ ನಡೆದಿದೆ. ಐದು ಗ್ರಂಥ ಮೋಶೆಯೇ ಬರೆದ ಅಂತ ನಂಬಿಕೆ. ಹಲವು ಕೈ, ಹಲವು ಕಾಲ ಸೇರಿದೆ ಅಂತ ವಿದ್ವಾಂಸರು. 1947ರಲ್ಲಿ ಮೃತ ಸಮುದ್ರದ ಹತ್ತಿರದ ಗವಿಯಲ್ಲಿ ಕುರಿ ಕಾಯೋರಿಗೆ ಹಳೇ ಸುರುಳಿಗಳು ಸಿಕ್ಕವು. ಅಲ್ಲೀತನಕ ಗೊತ್ತಿದ್ದ ಹೀಬ್ರೂ ಪ್ರತಿಗಳಿಗಿಂತ ಸಾವಿರ ವರ್ಷ ಹಳೇವು. ಕೆಲವು ಹಾಗೇ ಹೊಂದಿದವು, ಕೆಲವು ಹೊಂದಲಿಲ್ಲ. ಅಷ್ಟಕ್ಕೇ ಅವರ ಧರ್ಮ ಮುಳುಗಿಹೋಗಲಿಲ್ಲ.

ಕೊನೆಗೆ ನಂದೇ ತಪ್ಪು ಹೇಳ್ತೀನಿ. ನಮ್ಮಜ್ಜಿ ಮಾರಮ್ಮನ ಜಾತ್ರೇಲಿ ರಾತ್ರಿಯೆಲ್ಲಾ ಹಾಡೋಳು. ನಾನು ಡಿಗ್ರಿ ಓದಿದ್ದೆ, ಜೇಬಲ್ಲಿ ಮೊಬೈಲ್ ಇತ್ತು. ಒಂದು ಸಾಲೂ ಹಿಡಿದಿಡಲಿಲ್ಲ. ಅಜ್ಜಿ ಹೋದ್ಲು. ಈಗ ನನಗೆ ನೆನಪಿರೋದು ಮೂರು ಹಾಡು, ಅದೂ ಅರ್ಧಂಬರ್ಧ. ಇದಕ್ಕೆ ಯಾವ ಬ್ರಾಹ್ಮಣನ್ನ ಬೈಯಲಿ? ಚಳ್ಳಕೆರೆ ಸೀಮೆಯ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಹಾಡು ಎದೇಲಿಟ್ಟುಕೊಂಡಿದ್ರು. ಕೃಷ್ಣಮೂರ್ತಿ ಹನೂರರಂಥವರು ಕೂತು ಬರೆದುಕೊಂಡಿದ್ದಕ್ಕೆ ಉಳೀತು.

ನಿಮ್ಮ ಕೇರೀಲೂ ಒಬ್ಬ ಆಸಾದಿ, ಒಬ್ಬ ಅಜ್ಜಿ ಇನ್ನೂ ಇದ್ದಾರೆ. ಈ ಸಲ ಜಾತ್ರೆಗೆ ಕಾಯಬೇಡಿ, ಈ ವಾರವೇ ಹೋಗಿ ಕೂತ್ಕೊಳ್ಳಿ. ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ. ಹಾಡಿದವರ ಹೆಸರು, ಊರು, ತಾರೀಕು ಬರೀರಿ. ಅವರ ಮಾತನ್ನ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನಮಗೆ ಮುಜುಗರ ಆಗೋ ಸಾಲು ಬಂದ್ರೂ ಕತ್ತರಿಸಬೇಡಿ. ಎರಡು ಕಡೆ ಇಟ್ಟುಕೊಳ್ಳಿ, ಅವರ ಮನೆಯವರಿಗೂ ಒಂದು ಕೊಡಿ.

ನಾಳೆ ನಮ್ಮ ಮಕ್ಕಳ ಹತ್ರ ಯಾರಾದ್ರೂ "ದಾಖಲೆ ತೋರ್ಸಪ್ಪ" ಅಂದಾಗ ಅವರ ಕೈಲಿ ಏನಾದ್ರೂ ಇರ್ಲಿ.

ಜೈಭೀಮ್.